ತಲೆಯ ಮೇಲೆ ಹೊತ್ತ ಊರು

ಮಧ್ಯಾಹ್ನ ಮೂರು ನಲವತ್ತಕ್ಕೆ, ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಪಕ್ಕದ ಮನೆಯ ಬೇಸ್‌ಮೆಂಟಿನ ಕಿಟಕಿ ಒಡೆದು ಮಳೆನೀರು ನುಗ್ಗಿತು. "ರೀ, ಇಯಾನ್ ಕೆಳಗಡೇನೇ ಇದಾರೆ!" ಎಂದು ಹೆಂಡತಿ ಕೂಗಿದಳು. ನಾನು ಓಡಿಹೋಗಿ ಮೆಟ್ಟಿಲಿಳಿದಾಗ, ಎಂಬತ್ತು ದಾಟಿದ ಆ ಸ್ಕಾಟ್ಲೆಂಡಿನವರು ಸೊಂಟದವರೆಗಿನ ನೀರಿನಲ್ಲಿ ರಟ್ಟಿನ ಪೆಟ್ಟಿಗೆಯೊಂದನ್ನು ತಲೆಯ ಮೇಲೆತ್ತಿ ನಿಂತಿದ್ದರು. ಅದರಲ್ಲಿ ಅವರು ಹುಟ್ಟಿದ ಊರಿನ ಹಳೆಯ ಫೋಟೊಗಳಿದ್ದವು.

"ಅದನ್ನು ಬಿಟ್ಟು ಕೈ ಕೊಡಿ!" ಎಂದು ಕಿರುಚಿದೆ.

"ಮೊದಲು ಊರು, ಆಮೇಲೆ ನಾನು," ಎಂದು ಪೆಟ್ಟಿಗೆಯನ್ನೇ ಚಾಚಿದರು.

ಅದನ್ನು ಮೇಲಿಟ್ಟು ಅವರನ್ನು ಎಳೆದುಕೊಂಡೆ. ನಾವು ಹೊರಬರುವಷ್ಟರಲ್ಲಿ ಕೆಳಗೆ ಗೋಡೆಯೇ ಕುಸಿಯಿತು.

ಪೆಟ್ಟಿಗೆ ಎತ್ತುವ ಮೊದಲೇ ಒದ್ದೆಯಾಗಿದ್ದ ಫೋಟೊಗಳನ್ನು ನಮ್ಮ ಹಾಲ್‌ನಲ್ಲಿ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ ಒಣಗಿಸಿದೆವು. ಯಾವ ಬಾಗಿಲಲ್ಲಿ ನಿಂತವರು ಯಾರು, ಯಾವ ದೋಣಿ ಯಾರದು ಎಂದು ಪ್ರತಿಯೊಂದರ ಹಿಂದೆಯೂ ಇಯಾನ್ ಬರೆದಿದ್ದರು. ಒಂದಕ್ಷರವೂ ಅಳಿಸಿರಲಿಲ್ಲ.

"ಮೀನುಗಾರರ ಮನೆಯವನು ನಾನು, ನೀರನ್ನು ನಂಬಲ್ಲ. ಅದಕ್ಕೇ ಪೆನ್ಸಿಲಲ್ಲಿ ಬರೆದೆ," ಎಂದು ನಕ್ಕರು.

ಎರಡು ವಾರ, ನಲ್ಲಿ ತೊಟ್ಟಿಕ್ಕಿದರೂ ನನಗೆ ಎಚ್ಚರವಾಗುತ್ತಿತ್ತು. ಆಮೇಲೊಂದು ಭಾನುವಾರ ಇಯಾನ್ ಕೊನೆಯ ಫೋಟೊವನ್ನು ಹಗ್ಗದಿಂದ ಬಿಡಿಸಿ, ಅದರಲ್ಲಿದ್ದ ಹನ್ನೊಂದು ಮೀನುಗಾರ್ತಿಯರ ಹೆಸರುಗಳನ್ನು ನಮಗೆ ಓದಿ ಹೇಳಿದರು. ಅಂದು ನಾನು ಬೆಳಗಿನವರೆಗೂ ನಿದ್ದೆ ಮಾಡಿದೆ.