ನಲವತ್ತು ಕರಿ ಬ್ಯಾನರು, ಒಂದು ಸಹಿ

ಫ್ಲೆಕ್ಸ್ ಅಂಗಡಿ ಇಟ್ಟವನು ಸ್ವಲ್ಪ ಫ್ಲೆಕ್ಸಿಬಲ್ ಆಗಿರಬೇಕು ಎಂದು ತಾರಾನಾಥನಿಗೆ ನಾನು ಹತ್ತು ವರ್ಷದಿಂದ ಹೇಳುತ್ತಿದ್ದೇನೆ. ಅವನು ನಗುವುದೂ ಇಲ್ಲ, ಬಗ್ಗುವುದೂ ಇಲ್ಲ. ಮುಂಬಯಿ ಪಕ್ಕದ ಠಾಣೆಯ ರೈಲ್ವೆ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಕೋಪರಿಯ ಕಡೆ ನಡೆದರೆ ತರಕಾರಿ ಗಾಡಿಗಳ ಬೆನ್ನಿಗೆ ಅವನ ಅಂಗಡಿ. ಒಳಗೆ ಗೋಡೆಯ ಮೇಲೆ ಒಂದೇ ಬೋರ್ಡು: ‘ಪ್ರೂಫ್ ಓದಿ ಸಹಿ ಮಾಡದೆ ಪ್ರಿಂಟ್ ಇಲ್ಲ.’ ಕನ್ನಡ, ಮರಾಠಿ, ಹಿಂದಿ, ಉರ್ದು, ನಾಲ್ಕೂ ಅವನದೇ ಕೈಬರಹ.

ಕಾರ್ಕಳದ ಕಡೆಯಿಂದ ಹದಿನೆಂಟನೇ ವಯಸ್ಸಿಗೆ ಬಂದವನು. ಜೊತೆಗೆ ಬಂದವರೆಲ್ಲ ಕೆಲಸಕ್ಕೆಂದು ಹೋಟೆಲಿನ ಒಳಗೆ ಹೋದರು. ಇವನು ಹೋಟೆಲಿನ ಹೊರಗೇ ಏಣಿ ಹಾಕಿ ಬೋರ್ಡು ಬರೆದ. ಉರ್ದು ಕಲಿಸಿದ್ದು ಪಕ್ಕದ ಮುಂಬ್ರಾದಲ್ಲಿ ಬೋರ್ಡು ಬರೆಯುತ್ತಿದ್ದ ಒಬ್ಬ ಮುದುಕ. ಒಮ್ಮೆ ಶಿಯಾ ಮುಸ್ಲಿಮರ ಸಭಾಂಗಣಕ್ಕೆ ಅವರ ಹನ್ನೆರಡು ಇಮಾಮರ ಹೆಸರು ಬರೆಯುವಾಗ ತಾರಾನಾಥ ಹನ್ನೊಂದೇ ಹೆಸರು ಬರೆದು ಟೀ ಕುಡಿಯಲು ಹೋಗಿದ್ದನಂತೆ. ಮುದುಕ ಬಯ್ಯಲಿಲ್ಲ. ಇಡೀ ಬೋರ್ಡು ಅಳಿಸಿ, ಒಬ್ಬೊಬ್ಬರ ಕಥೆ ಹೇಳುತ್ತ ಒಂದೊಂದೇ ಹೆಸರು ಮತ್ತೆ ಬರೆಸಿದ. ಆವತ್ತಿನಿಂದ ತಾರಾನಾಥ ಏನು ಬರೆಯುತ್ತಿದ್ದೇನೆಂದು ತಿಳಿಯದೆ ಬರೆದವನಲ್ಲ. ಮೂರು ಭಾಷೆಯ ಪತ್ರಿಕೆಗಳನ್ನು ಓದುತ್ತಾನೆ. ಅವನ ಹೆಂಡತಿ ಜಯಲತಾ ಹೇಳುವುದು ಹೀಗೆ: “ಮನೆಯಲ್ಲಿ ಅಕ್ಕಿ ಯಾವಾಗ ಮುಗೀತದೆ ಅಂತ ಇವರಿಗೆ ಗೊತ್ತಿಲ್ಲ. ಅಲ್ ಖೈದಾದವರು ಐಸಿಸ್‌ನವರನ್ನು ಯಾವ ವರ್ಷ ಹೊರಗೆ ಹಾಕಿದ್ರು ಅಂತ ಕೇಳಿ, ತಿಂಗಳು ಸಮೇತ ಹೇಳ್ತಾರೆ.”

ಕಳೆದ ಜೂನ್‌ನಲ್ಲಿ ಮುಂಬ್ರಾದ ಕನ್ನಡಕದ ಅಂಗಡಿಯ ರಿಜ್ವಿ ಸಾಹೇಬರು ಮೊಹರಮ್‌ಗೆಂದು ನಲವತ್ತು ಬ್ಯಾನರು ಮಾಡಲು ಹೇಳಿದ್ದರು. ಕರಿ ಸ್ಯಾಟಿನ್ ಬಟ್ಟೆ, ಅದರ ಮೇಲೆ ಬಿಳಿ ಉರ್ದು ಅಕ್ಷರದಲ್ಲಿ ‘ಯಾ ಹುಸೇನ್’. ಬಣ್ಣ ಆರಲೆಂದು ತಾರಾನಾಥ ಅಂಗಡಿಯ ಉದ್ದಕ್ಕೂ ಹಗ್ಗ ಕಟ್ಟಿ ತೂಗುಹಾಕಿದ್ದ. ಅವನ್ನು ಒಯ್ಯಲು ಸಂಜೆ ಟೆಂಪೋ ಬರಬೇಕು, ನಾಡಿದ್ದು ಮೊಹರಮ್ ಶುರು. ನಮ್ಮ ಕನ್ನಡ ಸಂಘದ ಬ್ಯಾನರಿನ ಪ್ರೂಫ್ ನೋಡಲು ಹೋದ ನಾನು ಬಟ್ಟೆಗಳ ಕೆಳಗೆ ತಲೆ ತಗ್ಗಿಸಿ ಕೂತಿದ್ದೆ.

ಆಗ ರಮಾಕಾಂತ ಶೆಟ್ಟರು ಬಂದರು. ವರ್ತಕ ನಗರದಲ್ಲಿ ಎರಡು ಹೋಟೆಲು, ತಮ್ಮ ಪಕ್ಷದ ದಕ್ಷಿಣ ಭಾರತೀಯ ಘಟಕದ ಅಧ್ಯಕ್ಷಗಿರಿ. ಮುನ್ಸಿಪಾಲಿಟಿ ಚುನಾವಣೆಯ ಟಿಕೆಟ್ಟಿಗೆ ಕಾದು ಕೂತಿದ್ದರು; ಚುನಾವಣೆ ಮುಂದೆ ಹೋದಷ್ಟೂ ಅವರ ಫ್ಲೆಕ್ಸುಗಳು ದೊಡ್ಡವಾಗುತ್ತಿದ್ದವು. ಹಗ್ಗದತ್ತ ಕತ್ತೆತ್ತಿದವರು ಅಲ್ಲೇ ನಿಂತರು. ಮೊಬೈಲ್ ತೆಗೆದು ನಾಲ್ಕು ಫೋಟೋ ಹೊಡೆದರು.

“ತಾರಾನಾಥ, ಇದೆಂತ ಮಾರಾಯ? ಐಸಿಸ್ ಬಾವುಟ ಪ್ರಿಂಟ್ ಮಾಡ್ತಾ ಇದ್ದೀಯಾ?”

“ಮೊಹರಮ್‌ದು, ರಮಾಕಾಂತಣ್ಣ.”

“ಟಿವಿಯಲ್ಲಿ ಬರೋದೂ ಇದೇ. ಕರಿ ಬಟ್ಟೆ, ಬಿಳಿ ಅಕ್ಷರ. ನಾಳೆ ಹನ್ನೊಂದಕ್ಕೆ ಪ್ರೆಸ್‌ಮೀಟ್ ಕರೀತೇನೆ. ಪೊಲೀಸರಿಗೆ ಲೆಟರೂ ಕೊಡ್ತೇನೆ. ನೀನು ನಮ್ಮವ, ಬೇಜಾರಾಗ್ತದೆ. ಆದ್ರೆ ದೇಶ ಮೊದಲು.”

ಮೂವತ್ತು ವರ್ಷ ಠಾಣೆಯಲ್ಲಿದ್ದೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದ ಮನುಷ್ಯ ತಾರಾನಾಥ. ಆ ಫೋಟೋ ಹೊರಗೆ ಬಿದ್ದರೆ ಅಂಗಡಿಗೆ ಬೀಗ, ರಿಜ್ವಿ ಸಾಹೇಬರ ಮನೆ ಮುಂದೆ ಪೊಲೀಸ್ ವ್ಯಾನು. ಆಮೇಲೆ ಸುಳ್ಳೆಂದು ತೀರ್ಮಾನವಾದರೂ ಆ ಸುದ್ದಿ ಓದುವವರು ಯಾರು?

ತಾರಾನಾಥ ವಾದ ಮಾಡಲಿಲ್ಲ. ಕಂಪ್ಯೂಟರಿನ ಮುಂದೆ ಕೂತ.

“ಪ್ರೆಸ್‌ಮೀಟಿಗೆ ಹಿಂದೆ ಒಂದು ಫ್ಲೆಕ್ಸ್ ಬೇಕಲ್ವಾ? ಎಂತ ಬರೀಬೇಕು ಹೇಳಿ.”

ಶೆಟ್ಟರು ಖುಷಿಯಾಗಿ ಹೇಳತೊಡಗಿದರು. ಕೋಪರಿಯಲ್ಲಿ ಐಸಿಸ್ ಬಾವುಟ ಪತ್ತೆ. ಐಸಿಸ್, ತಾಲಿಬಾನ್, ಹಿಜ್ಬುಲ್ಲಾ ಮೂರೂ ಒಂದೇ ಸಂಸ್ಥೆಯ ಬ್ರಾಂಚುಗಳು.

“ಶಿಯಾ ಅಂತಲೂ ಹಾಕ್ಬೇಕಾ?” ತಾರಾನಾಥ ಕೇಳಿದ.

“ಹಾಕು. ಅದು ಹೆಡ್ಡಾಫೀಸು.”

ಎರಡು ಹೋಟೆಲಿನವರಿಗೆ ಜಗತ್ತೆಲ್ಲ ಬ್ರಾಂಚಾಗಿ ಕಾಣುವುದು ಸಹಜ. ತಾರಾನಾಥ ಒಂದಕ್ಷರ ಬಿಡದೆ ಟೈಪ್ ಮಾಡಿ, ಪ್ರೂಫ್ ತೆಗೆದು, ಪೆನ್ನಿನ ಜೊತೆ ಮುಂದಿಟ್ಟ. “ಓದಿ ಸಹಿ ಹಾಕಿ. ಕೆಳಗೆ ಮೊಬೈಲ್ ನಂಬರ್.”

ಶೆಟ್ಟರ ಕೈ ಕಾಗದದ ಮೇಲೆ ತಡೆಯಿತು. ಅದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಬೇರೊಂದು ಅಂಗಡಿಯಲ್ಲಿ ತಮ್ಮ ಹುಟ್ಟುಹಬ್ಬದ ಪ್ರೂಫಿಗೆ ಓದದೆ ಸಹಿ ಹಾಕಿದ್ದರು. ಹಳೆಯ ಡಿಸೈನಿನಲ್ಲಿದ್ದ ‘ಭಾವಪೂರ್ಣ ಶ್ರದ್ಧಾಂಜಲಿ’ ಹಾಗೆಯೇ ಉಳಿದು, ಎರಡು ದಿನ ತೀನ್ ಹಾತ್ ನಾಕಾ ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಅವರು ಕೈಮುಗಿದು ನಗುತ್ತಲೇ ದಿವಂಗತರಾಗಿದ್ದರು. ಸಹಿ ತಮ್ಮದೇ ಆದ್ದರಿಂದ ಬಯ್ಯಲೂ ಆಗಿರಲಿಲ್ಲ.

“ಇದ್ರಲ್ಲಿ ತಪ್ಪುಂಟಾ?” ಎಂದರು ಮೆಲ್ಲಗೆ.

“ನೀವು ಕೇಳಿದ್ರೆ ಹೇಳ್ತೇನೆ.”

“ಕೇಳ್ದೆ ಮಾರಾಯ.”

“ಈ ಬ್ಯಾನರ್ ಶಿಯಾಗಳದ್ದು. ಶಿಯಾ ಅಂದ್ರೆ ಸಂಘಟನೆ ಅಲ್ಲ, ಪಂಗಡ. ಐಸಿಸ್‌ನವರು ಶಿಯಾಗಳನ್ನು ಮುಸ್ಲಿಮರೇ ಅಲ್ಲ ಅಂತಾರೆ, ಅವರ ಮಸೀದಿಗೇ ಬಾಂಬ್ ಇಡ್ತಾರೆ. ಹಿಜ್ಬುಲ್ಲಾ ಲೆಬನಾನಿನ ಶಿಯಾಗಳದ್ದು, ಸಿರಿಯಾದಲ್ಲಿ ಐಸಿಸ್ ವಿರುದ್ಧವೇ ಹೊಡೆದಾಡಿದೆ. ತಾಲಿಬಾನಿಗೂ ಐಸಿಸ್‌ಗೂ ಅಫ್ಘಾನಿಸ್ತಾನದಲ್ಲಿ ಗುಂಡಿನ ಚಕಮಕಿ. ಯಾರೂ ಒಳ್ಳೆಯವರು ಅಂತ ನಾನು ಹೇಳುದಿಲ್ಲ. ಒಂದೇ ಅಂತ ನೀವು ಹೇಳ್ಬೇಡಿ. ಐಸಿಸ್ ಬಾವುಟ ಯಾರ ಕೈಯಲ್ಲಿ ಉಂಟು ಅಂತ ನೀವು ಹೇಳ್ತೀರೋ, ಅವರನ್ನು ಕೊಲ್ಲುದೇ ಆ ಬಾವುಟದವರು.”

ಶೆಟ್ಟರು ಅವನನ್ನೂ ಪೂರ್ತಿ ನಂಬಲಿಲ್ಲ. ಠಾಣೆ ಜಿಲ್ಲಾ ನಾಯಕರಿಗೆ ಫೋನ್ ಹಚ್ಚಿದರು. ಅವರು “ಹೋಲ್ಡ್ ಕರಾ” ಎಂದು ಮುಂಬಯಿಯಲ್ಲಿದ್ದ ಪಕ್ಷದ ವಕ್ತಾರರಿಗೆ ಹಚ್ಚಿದರು. ವಕ್ತಾರರು ದೆಹಲಿಗೆ ಕೇಳಿ ಹೇಳುತ್ತೇನೆಂದರು. ಪ್ರಶ್ನೆ ಮೇಲೆ ಹತ್ತಿದಂತೆಲ್ಲ ಉತ್ತರ ತೆಳ್ಳಗಾಗುತ್ತ ಹೋಗಿ, ಮುಕ್ಕಾಲು ಗಂಟೆಯ ನಂತರ ವಕ್ತಾರರೇ ನೇರ ಫೋನ್ ಮಾಡಿದರು. ಸ್ಪೀಕರಿನಲ್ಲಿ ಮರಾಠಿ ಗಡಗಡಿಸಿತು. ಅದರ ಸಾರಾಂಶ: ದೆಹಲಿಯವರು ಮೀಟಿಂಗಿನಲ್ಲಿದ್ದಾರೆ. ತನಗೆ ರಾತ್ರಿ ಇದೇ ಸಂಘಟನೆಗಳ ಬಗ್ಗೆ ಟಿವಿ ಚರ್ಚೆ ಇದೆ. ಯಾರು ಶಿಯಾ, ಯಾರು ಸುನ್ನಿ ಎಂದು ತಿಳಿದವರು ಯಾರಾದರೂ ಠಾಣೆಯಲ್ಲಿದ್ದರೆ ಅರ್ಧ ಪುಟ ಬರೆಸಿ ವಾಟ್ಸಾಪ್ ಮಾಡು.

ಶೆಟ್ಟರು ಫೋನ್ ಇಟ್ಟು ತಾರಾನಾಥನನ್ನು ನೋಡಿದರು. ತಾರಾನಾಥ ಅವರ ಮೊಬೈಲನ್ನು ನೋಡಿದ.

“ಬರೆದು ಕೊಡ್ತೇನೆ ಅಣ್ಣ. ಮೊದಲು ಆ ನಾಲ್ಕು ಫೋಟೋ.”

ಶೆಟ್ಟರು ಒಂದೊಂದಾಗಿ ಅಳಿಸಿದರು. ಅಳಿಸಿದ್ದು ಉಳಿಯುವ ಮೊಬೈಲಿನ ಕಸದ ಡಬ್ಬಿಯನ್ನೂ ತೆರೆಸಿ ತಾರಾನಾಥ ಖಾಲಿ ಮಾಡಿಸಿದ. ಸಹಿಯಿಲ್ಲದ ಪ್ರೂಫನ್ನು ಹರಿದು ಬುಟ್ಟಿಗೆ ಹಾಕಿದ ಮೇಲೆಯೇ ಅವನು ಅರ್ಧ ಪುಟ ಬರೆದದ್ದು.

ಟೆಂಪೋ ಜೊತೆ ರಿಜ್ವಿ ಸಾಹೇಬರೇ ಬಂದರು. ನಡೆದದ್ದೇನೂ ಅವರಿಗೆ ಗೊತ್ತಿಲ್ಲ. ಬ್ಯಾನರುಗಳನ್ನು ಮಡಚಿ ಎಣಿಸಿಕೊಂಡು, ಶೆಟ್ಟರಿಗೂ ಸಲಾಂ ಹೇಳಿದರು. ಎಲ್ಲಿ ಜನ ಸೇರುತ್ತಾರೆ, ಎಷ್ಟು ಸೇರುತ್ತಾರೆ ಎಂದು ಶೆಟ್ಟರು ಆಸಕ್ತಿಯಿಂದ ವಿಚಾರಿಸಿದರು. ಟೆಂಪೋ ತಿರುಗಿದ್ದೇ ತಡ, ಕುರ್ಚಿ ಎಳೆದುಕೊಂಡರು.

“ತಾರಾನಾಥ, ಅಲ್ಲಿ ನಂದೂ ಒಂದು ಹಾಕುವ. ಹತ್ತು ಬೈ ಆರು ಫೀಟು. ‘ಹ್ಯಾಪಿ ಮೊಹರಮ್’.”

ತಾರಾನಾಥ ಕಣ್ಣು ಮುಚ್ಚಿ ತೆರೆದ. “ಅದು ಶೋಕದ್ದು, ಅಣ್ಣ. ಶುಭಾಶಯ ಹೇಳುವ ಹಾಗಿಲ್ಲ. ನಗುವ ಫೋಟೋನೂ ಆಗ್ಲಿಕ್ಕಿಲ್ಲ.”

ಮೊಬೈಲು ಪೂರ್ತಿ ಹುಡುಕಿದರೂ ಶೆಟ್ಟರು ನಗದಿರುವ ಒಂದು ಫೋಟೋ ಸಿಗಲಿಲ್ಲ. ಕೊನೆಗೆ ಅಂಗಡಿಯ ಬಿಳಿ ಗೋಡೆಗೆ ಅವರನ್ನು ನಿಲ್ಲಿಸಿ ತಾರಾನಾಥ ಕ್ಯಾಮರಾ ಹಿಡಿದ. ಎಷ್ಟು ಬಿಗಿದರೂ ಅವರ ಬಾಯಿ ಎರಡೂ ಕಡೆ ತಾನಾಗಿ ಅಗಲವಾಗುತ್ತಿತ್ತು.

“ರಮಾಕಾಂತಣ್ಣ, ಈ ಸಲ ಪಕ್ಷದವರು ಟಿಕೆಟ್ ಯಾರಿಗೆ ಕೊಡ್ತಾರಂತೆ?” ಎಂದ ತಾರಾನಾಥ.

ಒಂದೇ ಕ್ಲಿಕ್ಕಿಗೆ ಫೋಟೋ ಚೆನ್ನಾಗಿ ಬಂತು.