ಅವ್ವನ ಕಿವಿ

ಹಂಚಿನ ಮೇಲಿನ ಜೋಳದ ರೊಟ್ಟಿಗೆ ಒದ್ದೆ ಬಟ್ಟೆ ಸವರಿದಾಗ ಏಳುವ ವಾಸನೆ ಎಲ್ಲಿಂದ ಬಂದರೂ ನನಗೆ ಹಸಿವಾಗುವುದಿಲ್ಲ, ಸಿಟ್ಟು ಬರುತ್ತದೆ. ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ಹಿಂದಿದ್ದ ಚಾಳಿನ ಸಾಲುಮನೆಗಳಲ್ಲಿ, ವಿಜಾಪುರದ ಕಡೆಯಿಂದ ಬಂದ ನಮ್ಮದು ಒಂದೇ ಖೋಲಿಯ ಮನೆ. ಈಗ ಆ ಚಾಳೂ ಇಲ್ಲ. ಸಂಜೆ ಅವ್ವ ಸ್ಟೋವಿನ ಮುಂದೆ ಕುಳಿತು ರೊಟ್ಟಿ ಬಡಿಯುವಾಗ ನಾನು ಹೊಸ್ತಿಲಿಗೆ ಒರಗಿ ಅಂದಿನ ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದಬೇಕಿತ್ತು. ಅದು ಮನೆಯ ಕಟ್ಟಳೆ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅವಳು ಪಾತ್ರೆ ತಿಕ್ಕುತ್ತಿದ್ದ ಆಫೀಸರರ ಮನೆಯಲ್ಲಿ ಅವರ ಮಗಳು ಇಂಗ್ಲಿಷ್ ಓದುವುದನ್ನು ದಿನಾ ಕೇಳಿಸಿಕೊಳ್ಳುತ್ತಿದ್ದಳು. ನಾನು ತಪ್ಪಿದಲ್ಲಿ ರೊಟ್ಟಿ ಬಡಿಯುವ ಅವಳ ಅಂಗೈ ನಿಲ್ಲುತ್ತಿತ್ತು.

ನಾನಾಗ ಅಲ್ಲಿನ ಕನ್ನಡ ಶಾಲೆಯ ಐದನೆಯ ತರಗತಿ. ‘ಮ್ಯಾನ್’, ‘ಮೆನ್’ ಎರಡನ್ನೂ ಟೀಚರು ಹೇಳಿಕೊಟ್ಟಂತೆ ‘ಮೆನ್’ ಎಂದೇ ಓದಿದೆ. ಅಂಗೈ ನಿಂತಿತು.

“ಆ ಆಫೀಸರ ಮನಿ ಬಾಯಾರ ಮಗಳು ಎರಡು ನಮೂನಿ ಅಂತಾಳವ್ವ. ಒಂದು ನಮ್ಮ ‘ಮ್ಯಾಲ’ ಇದ್ದಂಗ, ಇನ್ನೊಂದು ‘ಎಮ್ಮಿ’ ಇದ್ದಂಗ. ನೀ ಯಾಕ ಒಂದ ನಮೂನಿ ಓದತಿ?”

ಮರುದಿನ ನಾನು ಇದನ್ನು ಟೀಚರಿಗೆ ಹೇಳಿದೆ. ಅವರು ಉಡುಪಿಯವರು, ಬ್ಯಾಂಕನ್ನು ‘ಬೇಂಕ್’ ಎನ್ನುವವರು. ಆ ಎರಡು ಸ್ವರಗಳ ನಡುವಿನ ಅಂತರ ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ.

“ನಿನ್ನ ಅಮ್ಮನಿಗೆ ಓದ್ಲಿಕ್ಕೆ ಬರ್ತದಾ? ಇಲ್ಲ ಅಲ್ವಾ? ‘ಮ್ಯಾಲ’, ‘ಹ್ಯಾಂಗ’ ಅನ್ನುವವರ ಹತ್ರ ನಾನಿನ್ನು ಇಂಗ್ಲಿಷ್ ಕಲೀಬೇಕಾ, ಮಾರಾಯ್ತಿ?”

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಅಂದು ಸಂಜೆ ಅವ್ವನಿಗೆ ಪುಸ್ತಕದ ಕನ್ನಡದಲ್ಲಿ ಹೇಳಿದೆ: “ನಿನಗೇನೂ ಗೊತ್ತಾಗುವುದಿಲ್ಲ. ಸುಮ್ಮನಿರು.”

“ಹೌದವ್ವ, ನನಗೇನ ತಿಳೀತದ,” ಎಂದಳು.

ಆಮೇಲೆ ಎಷ್ಟೋ ಸಂಜೆ ಬೇಕೆಂದೇ ತಪ್ಪು ಓದಿದೆ. ಅವಳ ಕೈ ನಿಲ್ಲಲಿಲ್ಲ. ಟೀಚರಿಗೆ ಈಗ ವಯಸ್ಸಾಗಿದೆ, ಹಳೆಯದನ್ನು ಮರೆತುಬಿಡು ಎನ್ನುವವರಿದ್ದಾರೆ. ಅವರ ಮೇಲೂ ನನಗೆ ಸಿಟ್ಟಿದೆ. ಆ ಅಂತರ ಕೇಳಿಸದಿದ್ದುದು ಟೀಚರ ತಪ್ಪಲ್ಲ. ತಮಗೆ ಕೇಳಿಸದ್ದು ಇಲ್ಲವೇ ಇಲ್ಲ ಎಂದುಕೊಂಡು ತರಗತಿಯನ್ನು ನಗಿಸಿದ್ದು ತಪ್ಪು. ಹೀಗೆ ಬಾಯಿ ಮುಚ್ಚಿದ ಒಬ್ಬರಾದರೂ ನಿಮ್ಮ ಮನೆಯಲ್ಲೂ ಇದ್ದಿರಬಹುದು.

ಎಂ.ಎ. ತರಗತಿಯಲ್ಲಿ ಪ್ರಾಧ್ಯಾಪಕರು ಒಂದು ದಿನ ವಿವರಿಸಿದರು: ಪರಭಾಷೆಯ ಸ್ವರಗಳನ್ನು ನಾವು ಮನೆಮಾತಿನ ಜರಡಿಯಲ್ಲೇ ಸೋಸಿ ಕೇಳುತ್ತೇವೆ, ಮನೆಮಾತಿನಲ್ಲಿ ಆ ಸ್ವರವಿದ್ದರೆ ಓದದವರ ಕಿವಿಯೂ ಅದನ್ನು ಹಿಡಿಯುತ್ತದೆ. “ನಿಮ್ಮ ಮನೆಯಿಂದ ಒಂದು ಉದಾಹರಣೆ ಕೊಡಿ,” ಎಂದರು. ಅವ್ವ ಹೋಗಿ ಆಗ ಎರಡು ವರ್ಷ. ಅವಳ ‘ಮ್ಯಾಲ’, ‘ಎಮ್ಮಿ’ ನೆನಪಾದವು. ತರಗತಿ ನಕ್ಕರೆ?

ಮುಂದಿನ ಬೆಂಚಿನ ಹುಡುಗಿ ತನ್ನ ಮನೆಯ ಯಾವುದೋ ಶಬ್ದ ಹೇಳಿದಳು. ನಾನು ಅದನ್ನೇ ಬರೆದುಕೊಂಡೆ.