ಶನಿವಾರ ಬರುತ್ತೇನೆ ಎಂದಿದ್ದೆ

ಮನೆ ಹಿಡಿದ ಮೂರನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ನನ್ನ ಕಾರಿನ ಕೆಳಗಿನಿಂದ ಎರಡು ಬೂಟುಗಾಲು ಹೊರಗೆ ಚಾಚಿಕೊಂಡಿದ್ದವು. ನಾನು ಕೂಗಲಿಲ್ಲ, ಬಾಗಿಲು ಹಿಡಿದು ನಿಂತೆ. ಈ ದೇಶದಲ್ಲಿ ಗುರುತಿಲ್ಲದವರ ಅಂಗಳಕ್ಕೆ ಕಾಲಿಟ್ಟರೆ ಗುಂಡು ಹಾರಿಸುತ್ತಾರೆ ಎಂದು ಡಲ್ಲಾಸ್‌ನಲ್ಲಿ ಓದುವಾಗ ರೂಮಿನ ಹುಡುಗಿಯರು ಹೆದರಿಸಿದ್ದರು. ಗುರುತಿಲ್ಲದವರೇ ಬಂದು ನಮ್ಮ ಕಾರಿನಡಿ ಮಲಗಿದರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಕಾಲುಗಳು ಸರಿದವು. ಎಪ್ಪತ್ತು ದಾಟಿದ ಮನುಷ್ಯರೊಬ್ಬರು ತೆವಳಿಕೊಂಡು ಹೊರಬಂದು, ಟೋಪಿಯ ಧೂಳು ಕೊಡವಿ ತಲೆಗಿಟ್ಟರು. ನಿನ್ನೆ ತಮ್ಮ ಗೇಟಿನ ಮುಂದೆ ನನ್ನ ಕಾರು ಹೋಗುವಾಗ ಅಡಿಯಲ್ಲಿ ತಗಡು ಬಡಿಯುವ ಸದ್ದು ಕೇಳಿತಂತೆ, ತಂತಿ ಹಾಕಿ ಬಿಗಿದಿದ್ದಾರಂತೆ. ಆಮೇಲೆ ಮಳೆ ಯಾವಾಗ ಬಂದೀತು ಎಂಬ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಹೆಸರು ಹೇಳಿದ್ದು ಎಲ್ಲಕ್ಕಿಂತ ಕೊನೆಗೆ. ಡೇಲ್ ಎಂದರು.

ಇಲ್ಲಿಯ ಹಳ್ಳಿ ಕಡೆ ಹಿರಿಯರನ್ನು ಬರೀ ಹೆಸರಿನಿಂದ ಕರೆಯುವುದಿಲ್ಲ. ಮನೆತನದ ಹೆಸರು ಹಿಡಿದರೆ ಕಚೇರಿಯ ಮಾತಿನಂತೆ ದೂರವಾಗುತ್ತದೆ. ಅದಕ್ಕೆ ಹೆಸರಿನ ಮುಂದೆಯೇ ಮಿಸ್ಟರ್ ಸೇರಿಸುತ್ತಾರೆ, ನಾವು ಬಸಣ್ಣ, ಈರಣ್ಣ ಎನ್ನುವ ಹಾಗೆ. ಅವರು ನನಗೆ ಮಿಸ್ಟರ್ ಡೇಲ್ ಆದರು.

ನಾನು ಈ ಕಡೆ ಬಂದದ್ದು ಹಳ್ಳಿಯ ಆಸೆಯಿಂದಲ್ಲ. ಹ್ಯೂಸ್ಟನ್ನಿನಲ್ಲಿ ನನ್ನ ಮೊದಲ ಕೆಲಸ, ಅದರ ಅಂಚಿನ ಮಿಸೌರಿ ಸಿಟಿ ಎಂಬ ಬಡಾವಣೆಯಂಥ ಊರಿನಲ್ಲಿ ಮೈಸೂರಿನ ಶೈಲಾ ಆಂಟಿಯ ಮನೆಯ ಹಿಂದಿನ ಕೋಣೆಯಲ್ಲಿ ವಾಸ. ಎರಡು ವರ್ಷಕ್ಕೆ ಕಂಪನಿಯವರು ನಮ್ಮ ವಿಭಾಗವನ್ನೇ ಮುಚ್ಚಿದರು. ವೀಸಾದ ಗಡುವಿನೊಳಗೆ ಸಿಕ್ಕ ಕೆಲಸವೆಂದರೆ ಆಸ್ಟಿನ್ನಿನಿಂದ ಹ್ಯೂಸ್ಟನ್ ಕಡೆಗೆ ಒಂದು ಗಂಟೆ ದೂರದ ಸಣ್ಣ ಊರಿನ ಪಂಪು ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್. ಊರೊಳಗೆ ಬಾಡಿಗೆ ಮನೆ ಸಿಗಲಿಲ್ಲ. ಸಿಕ್ಕದ್ದು ನಾಲ್ಕು ಮೈಲಿ ಆಚೆ, ಕಲೀಚಿ ರಸ್ತೆಯಲ್ಲಿ. ಕಲೀಚಿ ಎಂದರೆ ಸುಣ್ಣದಂಥ ಬಿಳಿ ಗರಸು. ಒಣಗಿದರೆ ಹಿಟ್ಟು, ನೆನೆದರೆ ಜಾರುಬಂಡೆ. ಆ ರಸ್ತೆಯಲ್ಲಿ ನನ್ನ ಮನೆ, ಮಿಸ್ಟರ್ ಡೇಲ್ ಅವರ ಮನೆ, ಆಮೇಲೆ ಎರಡು ಮೈಲಿ ಬರೀ ಬೇಲಿ.

ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು. ನಮ್ಮಪ್ಪ ರಾಣೆಬೆನ್ನೂರಿನಲ್ಲಿ ಲಾರಿ ಮೆಕ್ಯಾನಿಕ್. ಹೈವೇ ಪಕ್ಕ ತಗಡಿನ ಶೆಡ್ಡು. ಹತ್ತನೇ ತರಗತಿಯವರೆಗೆ ನಾನು ಸಂಜೆ ಶಾಲೆ ಬಿಟ್ಟ ಮೇಲೆ ಅಲ್ಲಿ ಬ್ಯಾಟರಿ ಹಿಡಿದು ಬೆಳಕು ತೋರಿಸುವುದು, ನಟ್ಟು ಬಿಚ್ಚುವ ಪಾನಾ ಎತ್ತಿ ಕೊಡುವುದು ಮಾಡಿದವಳು. ರಿಸಲ್ಟ್ ಬಂದ ದಿನ ಅಪ್ಪ ಪಾನಾ ಕೈಯಿಂದ ತೆಗೆದುಕೊಂಡು, "ಇನ್ನ ಇದನ್ನ ಮುಟ್ಟಬ್ಯಾಡವಾ, ಓದು" ಎಂದ. ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ, ಅಲ್ಲಿಂದ ಎರಡನೇ ವರ್ಷಕ್ಕೆ ಇಂಜಿನಿಯರಿಂಗ್, ಮೂರು ವರ್ಷ ದುಡಿದು ಇಲ್ಲಿಗೆ ಎಂಎಸ್. ಅಪ್ಪನ ಕಡೆ, ಅವ್ವನ ಕಡೆ ಸೇರಿ ಪದವಿ ಪಡೆದ ಮೊದಲನೆಯವಳು ನಾನು. ಅದರ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ.

ಮಿಸೌರಿ ಸಿಟಿಯಲ್ಲಿ ನಮ್ಮ ಜನರ ನಡುವೆ ಎರಡು ವರ್ಷ ಇದ್ದೂ ಪಕ್ಕದ ಮನೆಯವರ ಮುಖ ನಾನು ಸರಿಯಾಗಿ ನೋಡಿರಲಿಲ್ಲ. ಇಲ್ಲಿ ಹಾಲು ತರಲು ಹೊರಟರೂ ಬೇಲಿ ಹತ್ತಿರ ಕಾರು ನಿಲ್ಲಿಸಬೇಕು. ಮಾತಿಗೊಂದು ಕ್ರಮವಿದೆ. ಮೊದಲು ಹವೆ, ನಂತರ ದನ, ನಂತರ ಗಾಡಿ. ಯಾರ ಟ್ರಕ್ಕಿನ ಗೇರು ಸಿಕ್ಕಿಕೊಳ್ಳುತ್ತಿದೆ, ಯಾರದು ಎಣ್ಣೆ ಕುಡಿಯುತ್ತಿದೆ. ಮೊದಮೊದಲು ಇದು ಹೊತ್ತು ಕಳೆಯುವ ಮಾತು ಎಂದುಕೊಂಡಿದ್ದೆ. ಆದರೆ ದಿನವಿಡೀ ಕಾರ್ಖಾನೆಯಲ್ಲಿ ಅಳತೆಯ ಅಂಕಿಗಳನ್ನು ಬಿಟ್ಟು ಬೇರೇನೂ ಮಾತಾಡದೆ ಮನೆಗೆ ಬರುತ್ತಿದ್ದ ನನಗೆ ಆ ಅರ್ಧ ಗಂಟೆ ಬೇಕೆನಿಸತೊಡಗಿತು. ದನ ನೀರು ಕುಡಿಯುವ ಹೊಂಡಕ್ಕೆ ಅವರು ಟ್ಯಾಂಕ್ ಎನ್ನುತ್ತಾರೆ. ನಮ್ಮೂರಿನ ಕಚೇರಿಯ ಕಾಗದಗಳಲ್ಲೂ ಇಂಗ್ಲಿಷಿನಲ್ಲಿ ಕೆರೆಗೆ ಟ್ಯಾಂಕ್ ಎಂದೇ ಬರೆಯುತ್ತಾರೆ ಎಂದಾಗ ಮಿಸ್ಟರ್ ಡೇಲ್ ಖುಷಿಪಟ್ಟರು. ಒಮ್ಮೆ ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯ ನಮ್ಮವರ ಅಂಗಡಿಯಿಂದ ಜೋಳದ ಹಿಟ್ಟು ತಂದು ರೊಟ್ಟಿ ಬಡಿದು ಕೊಟ್ಟೆ. ಮೂಸಿ ನೋಡಿದರು. "ಇದನ್ನ ನಮ್ಮಲ್ಲಿ ದನಕ್ಕೆ ಹಾಕ್ತೀವಿ" ಎಂದು ಹೇಳಿ, ಬೆಣ್ಣೆ ಹಚ್ಚಿಕೊಂಡು ಮೂರು ತಿಂದರು.

ನಮ್ಮಪ್ಪ ಮೆಕ್ಯಾನಿಕ್ ಎಂದು ಅವರಿಗೆ ಎರಡನೇ ವಾರವೇ ಹೇಳಿದ್ದೆ. ಶೈಲಾ ಆಂಟಿಗೆ ಇವತ್ತಿಗೂ ಹೇಳಿಲ್ಲ.

ಜನವರಿಯ ಒಂದು ಗುರುವಾರ ಸಂಜೆ ಮಿಸ್ಟರ್ ಡೇಲ್ ಬೇಲಿಯ ಬಳಿ ನಿಂತಿದ್ದರು. ಮಂಗಳವಾರ ನಾರ್ದರ್ ಬರುತ್ತದಂತೆ ಎಂದರು. ನಾರ್ದರ್ ಎಂದರೆ ಬಡಗಣದಿಂದ ನುಗ್ಗುವ ಚಳಿಗಾಳಿ. ಮಧ್ಯಾಹ್ನ ಅಂಗಿಯ ತೋಳು ಮಡಚಿಕೊಂಡು ಓಡಾಡುತ್ತಿದ್ದವರು ಸಂಜೆಗೆ ನಲ್ಲಿಗೆ ಬಟ್ಟೆ ಸುತ್ತಬೇಕಾಗುತ್ತದೆ. ದನಗಳ ಮೈಗೆ ಈ ಸಲ ಕೂದಲು ದಟ್ಟವಾಗಿ ಬಂದಿದೆ, ಚಳಿ ಜೋರಿದ್ದೀತು ಎಂದರು. ಆಮೇಲೆ ಟ್ರಕ್ಕಿನ ವಿಷಯ, ಅವರ ಪಿಕಪ್ ಗಾಡಿಯದು. ಕೀಲಿ ತಿರುಗಿಸಿದರೆ ಒಮ್ಮೆ ಕಟ್ ಎನ್ನುತ್ತದೆ, ಇಂಜಿನ್ ತಿರುಗುವುದಿಲ್ಲ. ದೀಪವೆಲ್ಲ ಚೆನ್ನಾಗಿ ಉರಿಯುತ್ತವೆ, ಆದ್ದರಿಂದ ಬ್ಯಾಟರಿಯ ದೋಷವಲ್ಲ.

ನನಗೆ ಕೇಳುತ್ತಲೇ ತಿಳಿಯಿತು. ಇಂಜಿನ್ ತಿರುಗಿಸುವ ಸಣ್ಣ ಮೋಟರಿಗೆ ನಮ್ಮ ಕಡೆ ಲಾರಿಯವರು ಸೆಲ್ಫ್ ಎನ್ನುತ್ತಾರೆ. ಅದರ ಮೇಲಿನ ಡಬ್ಬಿಯೊಳಗಿನ ತಾಮ್ರದ ಪಾಯಿಂಟು ಸವೆದಿದೆ. ಅಡಿಯಲ್ಲಿ ಮಲಗಿ ಸೆಲ್ಫ್ ಕಳಚಿ, ಪಾಯಿಂಟು ಬದಲಿಸಿ, ಮತ್ತೆ ಎತ್ತಿ ಕೂರಿಸಬೇಕು. ಹಾಗೆಂದು ಹೇಳಿದೆ. ಅವರು ಬಲಭುಜ ಉಜ್ಜಿಕೊಂಡರು. ಹುಲ್ಲಿನ ಗಾಡಿಯಿಂದ ಬಿದ್ದ ಮೇಲೆ ಆ ತೋಳು ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ.

"ನಿಮ್ಮಪ್ಪನಿಗೆ ಎಷ್ಟು ಹೊತ್ತಿನ ಕೆಲಸ ಇದು?" ಎಂದರು.

"ಒಂದು ಗಂಟೆ" ಎಂದೆ.

ಅವರು ಮತ್ತೆ ಭುಜ ಉಜ್ಜಿಕೊಂಡರು. ಅದನ್ನು ನೋಡುತ್ತ ನಿಲ್ಲಲು ನನ್ನಿಂದಾಗಲಿಲ್ಲ. "ಶನಿವಾರ ಬಂದು ನೋಡ್ತೀನಿ" ಎಂದುಬಿಟ್ಟೆ. "ಸಾಮಾನು ತಂದಿಟ್ಟಿರ್ತೀನಿ" ಎಂದು ಅವರು ಟೋಪಿ ಮುಟ್ಟಿಕೊಂಡು ಹೋದರು.

ನಮ್ಮ ಕಡೆ ಶನಿವಾರ ಬರುತ್ತೇನೆ ಎಂದರೆ ಅದು ಒಂದು ಮರ್ಯಾದೆ ಅಷ್ಟೆ. ನಾಳೆ ಮುಂಜಾನೆ ಗಾಡಿ ಕೊಡ್ತೀನ್ರೀ ಎಂದು ಅಪ್ಪ ಹೇಳಿದರೆ ಲಾರಿ ಮಾಲೀಕನಿಗೆ ಅದು ನಾಡಿದ್ದು ಎಂದು ಗೊತ್ತಿರುತ್ತಿತ್ತು. ಗರಜು ಇದ್ದವನು ಮತ್ತೆ ಬರುತ್ತಾನೆ, ಶೆಡ್ಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾನೆ, ಬೈಯುತ್ತಾನೆ. ಆಗ ಕೆಲಸ ಆಗುತ್ತದೆ. ಹೋಗದೆ ಇದ್ದದ್ದಕ್ಕೆ ಈ ಕಾರಣವನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ. ಹೇಳದೆ ಇರುವ ಇನ್ನೊಂದು ಕಾರಣವಿದೆ. ಇಷ್ಟೆಲ್ಲ ಓದಿ, ಸಮುದ್ರ ದಾಟಿ ಬಂದು, ಮತ್ತೆ ಟ್ರಕ್ಕಿನ ಕೆಳಗೆ ಅಂಗಾತ ಮಲಗಲು ನನಗೆ ಮನಸ್ಸಿರಲಿಲ್ಲ.

ಶನಿವಾರ ಮಿಸೌರಿ ಸಿಟಿಯಲ್ಲಿ ಸಂಕ್ರಾಂತಿ ಇಟ್ಟುಕೊಂಡಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ರೇಷ್ಮೆ ಸೀರೆಯುಟ್ಟು ಕಾರು ಹತ್ತಿದೆ. ಮಿಸ್ಟರ್ ಡೇಲ್ ಅವರ ಅಂಗಳದಲ್ಲಿ ಟ್ರಕ್ಕಿನ ಬಾನೆಟ್ ಎತ್ತಿತ್ತು. ಹಿಂದಿನ ತೊಟ್ಟಿಯ ಬಾಗಿಲು ಇಳಿಸಿ, ಅದರ ಮೇಲೆ ಬಟ್ಟೆ ಹಾಸಿ ಪಾನಾಗಳನ್ನು ಸಾಲಾಗಿ ಇಟ್ಟಿದ್ದರು. ತಾವು ಬಕೆಟ್ ಬೋರಲು ಹಾಕಿ ಕೂತಿದ್ದರು. ನಾನು ಕೈ ಬೀಸಿದೆ. ಅವರೂ ಕೈ ಎತ್ತಿದರು. ಕಾರು ನಿಲ್ಲಿಸಲಿಲ್ಲ.

ಎಳ್ಳುಬೆಲ್ಲ ಬೀರಿದೆವು. ಶೈಲಾ ಆಂಟಿ ಕೆನ್ನೆ ಸವರಿ, "ಆ ಕಾಡಲ್ಲಿ ಒಬ್ಬಳೇ ಹೇಗಿರ್ತೀಯಮ್ಮಾ, ಇಲ್ಲೇ ಬಂದ್ಬಿಡು" ಎಂದರು. ಮಕ್ಕಳು ಕಬ್ಬು ಜಗಿಯಲು ಬಾರದೆ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದವು. ಗಂಡಸರು ಯಾರ ಕಾರು ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತದೆ ಎಂದು ಮಾತಾಡುತ್ತಿದ್ದರು. ಹೊಸದಾಗಿ ಬಂದ ಅಂಕಲ್ ಒಬ್ಬರು ನನ್ನ ಕಡೆ ತಿರುಗಿದರು.

"ನಿಮ್ಮ ತಂದೆಯವ್ರು ಏನ್ ಮಾಡ್ಕೊಂಡಿದಾರಮ್ಮ?"

"ಆಟೊಮೊಬೈಲ್ ಬಿಸಿನೆಸ್, ಅಂಕಲ್."

"ಓ, ಶೋರೂಮಾ?"

"ಹ್ಞೂಂ" ಎಂದೆ.

ಭಾನುವಾರ ಸಂಜೆ ಹಿಂತಿರುಗುವಾಗ ಬಾನೆಟ್ ಮುಚ್ಚಿತ್ತು. ಸರಿಹೋಗಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಮಂಗಳವಾರ ಮಧ್ಯಾಹ್ನ ಗಾಳಿ ತಿರುಗಿತು. ಕಾರ್ಖಾನೆಯವರು ಬೇಗ ಬಿಟ್ಟರು. ಮನೆ ಸೇರುವಷ್ಟರಲ್ಲಿ ಸೋನೆ ಬೀಳುತ್ತ ಬೀಳುತ್ತಲೇ ಗಾಜಾಗುತ್ತಿತ್ತು, ಬೇಲಿಯ ತಂತಿಗಳು ಕೊಳವೆಯಷ್ಟು ದಪ್ಪವಾಗಿದ್ದವು. ಕರೆಂಟು ಹೋಯಿತು. ಇಲ್ಲಿಯ ಮನೆಗಳನ್ನು ಸೆಕೆಗೆಂದು ಕಟ್ಟಿರುತ್ತಾರೆ, ಚಳಿ ಬಂದರೆ ಗೋಡೆ ಕಾಗದದಂತೆ. ಇದ್ದ ಬಟ್ಟೆಯನ್ನೆಲ್ಲ ಹೊದ್ದು ಕೂತೆ. ಆ ಹೊತ್ತಿನಲ್ಲಿ ಪಕ್ಕದ ಮನೆಯ ನೆನಪು ಬರಲಿಲ್ಲವೇ ಎಂದರೆ, ಬಂತು. ಅವರು ಇಲ್ಲೇ ಹುಟ್ಟಿ ಬೆಳೆದವರು, ಅವರಿಗೆ ಇದೆಲ್ಲ ರೂಢಿ ಎಂದು ಸಮಾಧಾನ ಮಾಡಿಕೊಂಡೆ.

ಬುಧವಾರ ಹತ್ತು ಗಂಟೆಗೆ ದನಗಳು ಒದರುವುದು ಕೇಳಿಸಿತು. ಹೊಟ್ಟೆಗಿಲ್ಲದ ದನದ ಕೂಗು ಎಲ್ಲಿದ್ದರೂ ಒಂದೇ. ಹೊರಗೆ ಬಂದು ನೋಡಿದೆ. ಅಷ್ಟೂ ದನ ಬೇಲಿಗೆ ಒತ್ತಿಕೊಂಡು ನಿಂತಿದ್ದವು. ಜಾರುತ್ತ, ಬೇಲಿ ಹಿಡಿಯುತ್ತ ಅವರ ಅಂಗಳಕ್ಕೆ ಹೋದೆ. ಟ್ರಕ್ಕಿನಲ್ಲಿ ಹುಲ್ಲು ಹೇರಿತ್ತು. ಅಡಿಯಲ್ಲಿ ಗೋಣಿಚೀಲ, ಸುತ್ತಿಗೆ. ಆ ತೋಳು ಇಟ್ಟುಕೊಂಡು ತಾವೇ ಮಲಗಿ ಬಡಿದು ನೋಡಿದ್ದರು. ಕೊಡಲಿ ಇಡುವ ಜಾಗ ಖಾಲಿಯಿತ್ತು. ಗಾಜುಗಟ್ಟಿದ ಹುಲ್ಲನ್ನು ಮುರಿಯುತ್ತ ಒಬ್ಬರ ಹೆಜ್ಜೆಗಳು ಟ್ಯಾಂಕಿನ ಕಡೆ ಹೋಗಿದ್ದವು, ವಾಪಸು ಬಂದಿರಲಿಲ್ಲ.

ಟ್ಯಾಂಕಿನ ಏರಿಯ ಮೇಲೆ ಅವರು ಬೇಲಿಗೂಟಕ್ಕೆ ಒರಗಿ ಕೂತಿದ್ದರು. ನೀರಿನ ಮೇಲಿನ ಮಂಜುಗಡ್ಡೆ ಒಡೆದು ದನಕ್ಕೆ ದಾರಿ ಮಾಡಿದ್ದರು. ಹಾಗೆ ಮಾಡುವಾಗ ಮೊಣಕಾಲವರೆಗೆ ಒಳಗೆ ಜಾರಿದ್ದರು. ಉಸಿರಿತ್ತು, ಮಾತಿರಲಿಲ್ಲ. ಬರಿಗೈ ಕೊಡಲಿಯ ಕಾವಿಗೆ ಅಂಟಿಕೊಂಡಿತ್ತು. ತುರ್ತು ಸೇವೆಗೆ ಫೋನು ಮಾಡಿದರೆ, ಆಂಬುಲೆನ್ಸ್ ಹೈವೇವರೆಗೆ ಬರುತ್ತದೆ, ಕಲೀಚಿಯ ಇಳಿಜಾರು ಹತ್ತಲಾರದು, ಹೇಗಾದರೂ ಅಲ್ಲಿಗೆ ತಲುಪಿಸಿ ಎಂದರು. ನನ್ನ ಪುಟ್ಟ ಕಾರು ಆ ಹುಲ್ಲುಗಾವಲಿಗೆ ಇಳಿಯುವಂಥದಲ್ಲ.

ನನ್ನ ಕೋಟು ಅವರಿಗೆ ಹೊದಿಸಿ ವಾಪಸು ಓಡಿದೆ. ಗೋಣಿಚೀಲದ ಮೇಲೆ ಅಂಗಾತ ಮಲಗಿದೆ. ಅವರು ಬಡಿದಿದ್ದು ಮೋಟರಿನ ಮೈಗೆ. ಬಡಿಯಬೇಕಾದದ್ದು ಅದರ ಮೇಲಿನ ಡಬ್ಬಿಗೆ, ಜೋರಾಗಿ ಅಲ್ಲ, ಒಳಗಿನ ತಾಮ್ರ ಸ್ವಲ್ಪ ಹೊರಳುವಷ್ಟು. ಎರಡೇಟು ಹಾಕಿ, ಮೇಲೆದ್ದು ಕೀಲಿ ತಿರುಗಿಸಿದೆ. ಕಟ್ ಎಂದಿತು. ಮತ್ತೆ ಮಲಗಿದೆ. ಮೂರನೇ ಸಲಕ್ಕೆ ಇಂಜಿನ್ ಹತ್ತಿತು. ಒಟ್ಟು ಐದು ನಿಮಿಷ ಹಿಡಿಯಿತು. ಮಂಗಳವಾರದೊಳಗೆ ಈ ಐದು ನಿಮಿಷವನ್ನಾದರೂ ಅವರಿಗೆ ಕೊಟ್ಟಿದ್ದರೆ ಸಾಕಿತ್ತು.

ಆ ಟ್ರಕ್ಕಿನಲ್ಲೇ ಅವರನ್ನು ಹೈವೇಗೆ ತಲುಪಿಸಿದೆ, ಮಿಸ್ಟರ್ ಡೇಲ್ ಬದುಕಿದರು. ಆಸ್ಟಿನ್ ಆಸ್ಪತ್ರೆಯಲ್ಲಿ ಬಲಗೈಯ ನಾಲ್ಕು ಬೆರಳು, ಎಡಪಾದದ ಮುಂಭಾಗ ತೆಗೆದರು. ಡಲ್ಲಾಸ್‌ನಿಂದ ಮಗಳು ಲಿಂಡಾ ಬಂದಿದ್ದಳು. ಟ್ರಕ್ಕಿನ ರಿಪೇರಿಗೆ ಬೇರೆ ಯಾರನ್ನಾದರೂ ಕರೆಯಬಹುದಿತ್ತಲ್ಲ ಎಂದು ನಾನೇ ಕೇಳಿದೆ, ಕೇಳಬಾರದಿತ್ತು. ಎರಡು ಮೈಲಿ ಆಚೆಯ ಬಿಲ್ ಎಂಬವರು ಭಾನುವಾರ ತಾವಾಗಿ ಬರುತ್ತೇನೆ ಎಂದಿದ್ದರಂತೆ. ಅವಳ ಅಪ್ಪ ಬೇಡ ಎಂದರಂತೆ. ಪಕ್ಕದ ಮನೆಯ ಹುಡುಗಿ ಬರುತ್ತೇನೆಂದು ಹೇಳಿದ್ದಾಳೆ, ಇನ್ನೊಬ್ಬರನ್ನು ಕರೆದರೆ ಅವಳ ಮಾತು ನಂಬಲಿಲ್ಲ ಎಂದಾಗುತ್ತದೆ ಎಂದರಂತೆ. ಲಿಂಡಾ ಇದನ್ನು ನನ್ನ ಮೇಲೆ ಹಾಕಿ ಹೇಳಲಿಲ್ಲ. ಆ ಹುಡುಗಿ ನಾನೇ ಎಂದು ಅವಳಿಗೆ ಹೊಳೆದಿತ್ತೋ ಇಲ್ಲವೋ ತಿಳಿಯದು.

ಫೆಬ್ರವರಿಯಲ್ಲಿ ದನಗಳನ್ನು ಹರಾಜಿಗೆ ಒಯ್ದರು. ಮಾರ್ಚಿನಲ್ಲಿ ನಾನು ಡಲ್ಲಾಸ್‌ಗೆ, ಲಿಂಡಾಳ ಮನೆಗೆ ಹೋದೆ. ಓದುವಾಗ ನನಗೆ ದೊಡ್ಡ ಊರೆನಿಸಿದ್ದ ಡಲ್ಲಾಸ್, ಈಗ ಒಂದೇ ಥರದ ಮನೆಗಳ ಸಾಲಾಗಿ ಕಂಡಿತು. ಮಿಸ್ಟರ್ ಡೇಲ್ ಕಿಟಕಿಯ ಬಳಿ ಕೂತಿದ್ದರು, ಎದುರಿಗೆ ಪಕ್ಕದ ಮನೆಯ ಇಟ್ಟಿಗೆ ಗೋಡೆ. ಮಳೆಯಾಯಿತೇ ಎಂದು ಕೇಳಿದರು, ಹುಲ್ಲು ಎದ್ದಿದೆಯೇ ಎಂದು ಕೇಳಿದರು. ಎಲ್ಲಕ್ಕೂ ಉತ್ತರ ಕೊಟ್ಟೆ. ಆಮೇಲೆ ಹೇಳಿದೆ.

"ಮಿಸ್ಟರ್ ಡೇಲ್, ನಾನು ಶನಿವಾರ ಬರ್ತೀನಿ ಅಂದಿದ್ದೆ."

"ಹೌದು" ಎಂದರು. "ಎರಡು ಗಂಟೆವರೆಗೆ ಕಾದೆ."

ಅದರಲ್ಲಿ ಸಿಟ್ಟಿರಲಿಲ್ಲ, ಪರವಾಗಿಲ್ಲ ಎನ್ನುವುದೂ ಇರಲಿಲ್ಲ. ಬರುವಾಗ ಹೈವೇ ಮೇಲೆ ಗಾಡಿಗಳು ಜಾಸ್ತಿ ಇದ್ದವೇ ಎಂದು ಕೇಳಿದರು. ಇದ್ದವು ಎಂದೆ.

ನಾನು ಇನ್ನೂ ಅದೇ ಮನೆಯಲ್ಲಿದ್ದೇನೆ. ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಜನ ನನ್ನೊಡನೆ ಮರ್ಯಾದೆಯಿಂದಲೇ ಇದ್ದಾರೆ, ಬಾಗಿಲು ಹಿಡಿದು ದಾರಿ ಬಿಡುತ್ತಾರೆ. ಬಿಲ್ ಒಮ್ಮೆ ಎದುರಾದಾಗ ಹವೆ ಚೆನ್ನಾಗಿದೆ ಎಂದರು, ಅಲ್ಲಿಗೇ ನಿಲ್ಲಿಸಿದರು. ದನದ ವಿಷಯಕ್ಕೆ ಹೋಗಲಿಲ್ಲ. ತಮ್ಮ ಗಾಡಿಗೆ ಏನಾಗಿದೆ ಎಂದು ಈ ರಸ್ತೆಯಲ್ಲಿ ನನಗೆ ಈಗ ಯಾರೂ ಹೇಳುವುದಿಲ್ಲ.

ಅಪ್ಪನ ಎಡಗಣ್ಣಿನ ಪೊರೆ ತೆಗೆಸಿದ್ದು ನನಗೆ ಗೊತ್ತಾದದ್ದು ಆಪರೇಶನ್ ಆಗಿ ಇಪ್ಪತ್ತು ದಿನದ ಮೇಲೆ, ಅದೂ ಚಿಕ್ಕಪ್ಪನ ಮಗನಿಂದ. ಭಾನುವಾರ ಫೋನು ಮಾಡಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ದೂರ ಅದೀ, ನಿನಗ ಯಾಕ ಹೇಳೂದು ಅಂತ ಬಿಟ್ಟೆ. ಇಲ್ಲೆ ಎಲ್ಲಾ ಆರಾಮ ಐತಿ ನೋಡವಾ" ಎಂದ ಅಪ್ಪ. "ನೀ ಹೆಂಗದೀ?"

"ನಾನೂ ಆರಾಮ ಅದೀನಪಾ" ಎಂದೆ.